ಕೆಂಪು ಹೆಚ್ಚಾದಷ್ಟೂ ಕಡಿಮೆ ತೋರಿಸಿದ ಯಂತ್ರ: ಒಂದು ಬ್ಯಾಡಗಿ ಮೆಣಸಿನಕಾಯಿ ಪ್ರಕರಣ

ಎರಡು ವರದಿ, ಒಂದೇ ಚೀಲದ ಮೆಣಸಿನಕಾಯಿ. ಅದರ ಬಣ್ಣಕ್ಕೆ ಬೇರೆ ಊರಿನ ಲ್ಯಾಬ್ 171 ಅಂಕಿ ಎಂದಿತ್ತು. ನಾವು 143 ಎಂದಿದ್ದೆವು. ಮಾರ್ಚ್ ತಿಂಗಳ ಒಂದು ಶುಕ್ರವಾರ, ಬ್ಯಾಡಗಿ ಮಾರುಕಟ್ಟೆಯ ಗುರುವಾರದ ಗದ್ದಲ ಮುಗಿಸಿಕೊಂಡು, ಆ ಎರಡೂ ಕಾಗದ ಹಿಡಿದು ಒಬ್ಬ ವ್ಯಾಪಾರಿ ಧಾರವಾಡದ ನಮ್ಮ ಸಣ್ಣ ಪ್ರಯೋಗಾಲಯಕ್ಕೆ ಬಂದರು. ಸಿಟ್ಟೇನೂ ಮಾಡಲಿಲ್ಲ. ಚಹಾ ಕುಡಿದರು. ಆಮೇಲೆ ಮೂಲೆಯಲ್ಲಿದ್ದ, ಬಣ್ಣ ಅಳೆಯುವ ಸ್ಪೆಕ್ಟ್ರೊಫೋಟೋಮೀಟರ್ ಯಂತ್ರದ ಕಡೆ ಬೆರಳು ತೋರಿಸಿ, ‘ಇದರ ಕಣ್ಣಿಗೆ ಪೊರೆ ಬಂದೈತೇನ್ರಿ ಸರ್?’ ಅಂದರು. ನಾವು ನಕ್ಕೆವು.

143ಕ್ಕೂ 171ಕ್ಕೂ ಇರುವ ಅಂತರ ನಗುವಂಥದ್ದಾಗಿರಲಿಲ್ಲ. ಬ್ಯಾಡಗಿ ಮೆಣಸಿನಕಾಯಿಗೆ ಹೆಸರು ಬಂದದ್ದು ಬಣ್ಣದಿಂದ. ಖಾರ ಬೇಕಾದವರು ಗುಂಟೂರು ಕಡೆಯದನ್ನು ಕೊಳ್ಳುತ್ತಾರೆ. ಬ್ಯಾಡಗಿಯ ಎರಡು ಬಗೆಯಲ್ಲಿ ಗಿಡ್ಡನೆಯ ಡಬ್ಬಿ ಆಗಲಿ, ಉದ್ದಕ್ಕೆ ಸುಕ್ಕುಸುಕ್ಕಾದ ಕಡ್ಡಿ ಆಗಲಿ, ಹುಳಿಗೆ ಹಾಕಿದರೆ ಕೆಂಪು ಏರುತ್ತದೆ, ಬಾಯಿ ಮಾತ್ರ ಅಷ್ಟು ಸುಡುವುದಿಲ್ಲ. 2011ರಲ್ಲಿ ಇದಕ್ಕೆ ಭೌಗೋಳಿಕ ಸೂಚಿಕೆ ಸಿಕ್ಕಿತು. ಇದರಿಂದ ತೆಗೆದ ಓಲಿಯೊರೆಸಿನ್ ಎಂಬ ಗಟ್ಟಿ ಕೆಂಪು ಎಣ್ಣೆ ಸಾಸ್, ಮಸಾಲೆಪುಡಿಯಿಂದ ಹಿಡಿದು ಲಿಪ್‌ಸ್ಟಿಕ್ ತನಕ ಹೋಗುತ್ತದೆ. ಹಾಗಾಗಿ ಎಣ್ಣೆ ತೆಗೆಯುವ ಕಾರ್ಖಾನೆಯವರು ಮಾಲು ನೋಡುವ ಮೊದಲೇ ಕೇಳುವ ಮಾತು ಒಂದೇ: ‘ಆಸ್ಟಾ ಎಷ್ಟು?’

ಆಸ್ಟಾ ಅಂದರೆ ಅಮೆರಿಕನ್ ಸ್ಪೈಸ್ ಟ್ರೇಡ್ ಅಸೋಸಿಯೇಷನ್. ಆ ಸಂಘ ಬರೆದಿಟ್ಟ ವಿಧಾನದಲ್ಲಿ ಬಣ್ಣ ಅಳೆದಾಗ ಬರುವ ಅಂಕಿಗೂ ಪೇಟೆಯಲ್ಲಿ ಅದೇ ಹೆಸರು. ವಿಧಾನ ಕೇಳಲು ಸುಲಭ. ಮೆಣಸಿನಕಾಯಿಯನ್ನು ಸಣ್ಣಗೆ ಪುಡಿ ಮಾಡಬೇಕು. 70ರಿಂದ 100 ಮಿಲಿಗ್ರಾಂ ತೂಗಿ 100 ಮಿಲಿಲೀಟರ್ ಅಸಿಟೋನ್‌ನಲ್ಲಿ ಹಾಕಬೇಕು. ಬಿಗಿಯಾಗಿ ಮುಚ್ಚಿ ಕತ್ತಲಲ್ಲಿ 16 ಗಂಟೆ ಇಡಬೇಕು. ಮರುದಿನ ಮೇಲಿನ ತಿಳಿಯನ್ನು ಒಂದು ಸೆಂಟಿಮೀಟರ್ ಅಗಲದ ಪಾರದರ್ಶಕ ಪುಟ್ಟ ಪಾತ್ರೆಗೆ, ಅಂದರೆ ಕ್ಯುವೆಟ್‌ಗೆ ಸುರಿದು, 460 ನ್ಯಾನೊಮೀಟರ್ ತರಂಗಾಂತರದ ಬೆಳಕನ್ನು ಅದು ಎಷ್ಟು ತಡೆಯುತ್ತದೆ ಎಂದು ನೋಡಬೇಕು. ಬಂದ ಆ ತಡೆಯ ಅಂಕಿಯನ್ನು, ಅಂದರೆ ಅಬ್ಸಾರ್ಬೆನ್ಸ್ ಅನ್ನು, 16.4ರಿಂದ ಗುಣಿಸಿ, ತೂಗಿದ ಗ್ರಾಂನಿಂದ ಭಾಗಿಸಿದರೆ ಆಸ್ಟಾ. ಯಂತ್ರದಿಂದ ಯಂತ್ರಕ್ಕೆ ಇರುವ ವ್ಯತ್ಯಾಸ ಸರಿಪಡಿಸಲು ಒಂದು ತಿದ್ದುಪಡಿ ಅಂಶವನ್ನೂ ಸೇರಿಸಿ ಗುಣಿಸುತ್ತಾರೆ. ಅದರ ಕಥೆ ಆಮೇಲೆ ಬರುತ್ತದೆ.

ಇಷ್ಟರಲ್ಲಿ 28 ಅಂಕಿ ಎಲ್ಲಿ ಕಳೆದುಹೋಯಿತು?

ಮೊದಲ ವಾರ ನಾವು ಯಂತ್ರವನ್ನು ಅನುಮಾನಿಸಲೇ ಇಲ್ಲ. ಎರಡು ತಿಂಗಳ ಹಿಂದಷ್ಟೇ ಸರ್ವೀಸ್ ಆಗಿತ್ತು. ಪ್ರಮಾಣಪತ್ರ ಗೋಡೆಯ ಮೇಲೆ ತೂಗುತ್ತಿತ್ತು. ತಪ್ಪು ನಮ್ಮ ಕೈಯದೇ ಇರಬೇಕು ಎಂದುಕೊಂಡೆವು. ಬೀಜ ಜಾಸ್ತಿ ಸೇರಿತೇ? ಬೀಜದಲ್ಲಿ ಕೆಂಪಿಲ್ಲ, ತೂಕ ಮಾತ್ರ ಇದೆ, ಹಾಗಾಗಿ ಅಂಕಿ ಇಳಿಯುತ್ತದೆ. ಮತ್ತೆ ಪುಡಿ ಮಾಡಿ ನೋಡಿದೆವು: 142. ಫ್ಲಾಸ್ಕಿಗೆ ಬಿಸಿಲು ಬಿತ್ತೇ? ಮೆಣಸಿನಕಾಯಿಗೆ ಕೆಂಪು ಕೊಡುವ ಕ್ಯಾಪ್ಸಾಂಥಿನ್, ಕ್ಯಾಪ್ಸೊರುಬಿನ್ ಎರಡೂ ಬೆಳಕಿಗೆ ಮಾಸುವ ಬಣ್ಣಗಳು. ಫ್ಲಾಸ್ಕಿಗೆ ಅಲ್ಯೂಮಿನಿಯಂ ಹಾಳೆ ಸುತ್ತಿ, ಬೀರುವಿನಲ್ಲಿಟ್ಟು ಬೀಗ ಹಾಕಿದೆವು: 144. ಬಿಸಿಲಿನ ಝಳಕ್ಕೆ ಅಸಿಟೋನ್ ಆರಿಹೋಯಿತೇ ಎಂದು ಒಬ್ಬರು ಕೇಳಿದರು. ಅದನ್ನು ಪರೀಕ್ಷಿಸಲೂ ಇಲ್ಲ. ಅಸಿಟೋನ್ ಆರಿದರೆ ಸಾರ ಗಟ್ಟಿಯಾಗಿ ಅಂಕಿ ಏರಬೇಕು, ನಮ್ಮದು ಇಳಿದಿತ್ತು. ತಪ್ಪು ಯಾವ ದಿಕ್ಕಿನದು ಎಂದು ಮೊದಲು ನೋಡಿಕೊಂಡರೆ ಅರ್ಧ ಅನುಮಾನ ಕುಳಿತಲ್ಲೇ ಬಿಟ್ಟುಹೋಗುತ್ತದೆ. ನಾವು ಮೊದಲ ದಿನವೇ ಅಷ್ಟು ಮಾಡಿದ್ದರೆ ಒಂದು ವಾರ ಉಳಿಯುತ್ತಿತ್ತು.

ನಡುವೆ ಒಂದು ತಮಾಷೆ. ತರಬೇತಿಗೆ ಬಂದಿದ್ದ ಹುಡುಗನೊಬ್ಬ ಗಾಜಿನ ಕ್ಯುವೆಟ್ ತೊಳೆಯುವುದು ಬೇಸರವಾಗಿ, ಬಳಸಿ ಎಸೆಯುವ ಪ್ಲಾಸ್ಟಿಕ್ ಕ್ಯುವೆಟ್‌ಗೆ ಅಸಿಟೋನ್ ಸಾರ ಸುರಿದ. ಆ ಪ್ಲಾಸ್ಟಿಕ್ ಪಾಲಿಸ್ಟೈರೀನ್, ಅದು ಅಸಿಟೋನ್‌ನಲ್ಲಿ ನೆನೆದ ಹಪ್ಪಳದಂತಾಗುತ್ತದೆ. ಎರಡೇ ನಿಮಿಷದಲ್ಲಿ ಗೋಡೆ ಮಬ್ಬಾಗಿ, ಯಂತ್ರ 260 ಆಸ್ಟಾ ತೋರಿಸಿತು. ‘ಸರ್, ಬಣ್ಣ ಸಿಕ್ತು’ ಎಂದು ಕೂಗಿದ ಅವನ ಮುಖ ಇನ್ನೂ ನೆನಪಿದೆ. ಅಂದಹಾಗೆ 460ರಲ್ಲಿ ಅಳೆಯಲು ದುಬಾರಿ ಕ್ವಾರ್ಟ್ಸ್ ಕ್ಯುವೆಟ್ ಬೇಕಿಲ್ಲ, ಸಾಮಾನ್ಯ ಗಾಜಿನದು ಸಾಕು. ಕ್ವಾರ್ಟ್ಸ್ ಬೇಕಾಗುವುದು ನೇರಳಾತೀತ ಭಾಗಕ್ಕೆ ಹೋದಾಗ.

ಎರಡನೇ ವಾರ ತರಂಗಾಂತರ ನೋಡಿದೆವು. ಯಂತ್ರ 460 ಎಂದು ತೋರಿಸುತ್ತಾ ನಿಜಕ್ಕೂ 470ರಲ್ಲಿ ಅಳೆಯುತ್ತಿದ್ದರೆ? ಹೋಲ್ಮಿಯಂ ಆಕ್ಸೈಡ್ ಗಾಜಿನ ತುಂಡು ಹಾಕಿದೆವು. ಅದಕ್ಕೆ 361, 446, 453, 460, 536 ನ್ಯಾನೊಮೀಟರ್‌ಗಳ ಹತ್ತಿರ ಚೂಪಾದ ಶಿಖರಗಳಿವೆ, ನಮಗೆ ಬೇಕಾದ ಜಾಗದಲ್ಲೇ ಒಂದು ಮೈಲುಗಲ್ಲು ಇದ್ದ ಹಾಗೆ. ಎಲ್ಲವೂ ಅರ್ಧ ನ್ಯಾನೊಮೀಟರ್ ಒಳಗೇ ಬಂದವು. ಯಂತ್ರದೊಳಗಿನ ಡ್ಯೂಟೇರಿಯಂ ದೀಪದ 486.0 ಮತ್ತು 656.1ರ ಗೆರೆಗಳೂ ಜಾಗದಲ್ಲೇ ಇದ್ದವು. ಮೆಣಸಿನಕಾಯಿ ಸಾರದ ಶಿಖರ 460ರ ಸುತ್ತ ಹರಡಿಕೊಂಡಿರುತ್ತದೆ. ಅಲ್ಲಿ ಒಂದೆರಡು ನ್ಯಾನೊಮೀಟರ್ ಅತ್ತಿತ್ತ ಆದರೂ ಅಂಕಿ 28ರಷ್ಟು ಇಳಿಯುವುದಿಲ್ಲ.

ಆಮೇಲೆ ಉಳಿದದ್ದು ತಿದ್ದುಪಡಿ ಅಂಶ. ಅಳತೆ ಗೊತ್ತಿರುವ ಒಂದು ಬೂದು ಗಾಜಿನ ಬಿಲ್ಲೆಯನ್ನು 465 ನ್ಯಾನೊಮೀಟರಿನಲ್ಲಿ ಅಳೆದು, ಬಿಲ್ಲೆಯ ಮೇಲೆ ಬರೆದ ಅಂಕಿಯನ್ನು ನಮ್ಮ ಅಂಕಿಯಿಂದ ಭಾಗಿಸುವುದು. ನಮಗೆ 1.00 ಬಂತು. ಇದಕ್ಕಿಂತ ಚೆನ್ನಾಗಿ ಬರಲು ಸಾಧ್ಯವೇ ಇಲ್ಲ. ಆ ಸಂಜೆ ನಾನು ವ್ಯಾಪಾರಿಗೆ ಫೋನ್ ಮಾಡಿ, ನಮ್ಮ ಯಂತ್ರ ಸರಿ ಇದೆ, ಆ ಇನ್ನೊಂದು ಲ್ಯಾಬನ್ನೇ ಕೇಳಿ ನೋಡಿ ಎಂದೆ. ಈ ಬರಹದಲ್ಲಿ ನನಗೆ ಬೇಸರ ತರುವ ಸಾಲು ಇದೇ.

ಸುಳಿವು ಕೊಟ್ಟದ್ದು ಹಳೆಯ ಕಾಗದಗಳು. ಬೇರೆ ಲ್ಯಾಬಿಗೂ ಹೋಗಿ ಬಂದಿದ್ದ ಇನ್ನೆರಡು ಮಾದರಿಗಳ ವರದಿಯನ್ನು ನಮ್ಮ ಸಹೋದ್ಯೋಗಿ ಹುಡುಕಿ ತೆಗೆದರು. ಒಂದು ಕಡಿಮೆ ಬಣ್ಣದ ಖಾರದ ಮೆಣಸಿನಕಾಯಿ: ಅವರದು 42, ನಮ್ಮದು 41. ಇನ್ನೊಂದು ಮಧ್ಯಮ: ಅವರದು 100, ನಮ್ಮದು 95. ಮೂರನೆಯದು ಈ ಕಡ್ಡಿ: 171ಕ್ಕೆ 143. ಸಹೋದ್ಯೋಗಿ ಮೂರನ್ನೂ ಹಾಳೆಯ ಮೇಲೆ ಚುಕ್ಕಿ ಇಟ್ಟು ಸೇರಿಸಿದರು. ಗೆರೆ ಮೊದಲು ನೆಟ್ಟಗೆ ಹೋಗಿ, ಮೇಲೆ ಬಂದಂತೆ ಬಾಗಿಬಿಟ್ಟಿತು.

ಪುಡಿಯ ತಪ್ಪಾಗಿದ್ದರೆ ಹೀಗೆ ಬಾಗುತ್ತಿರಲಿಲ್ಲ. ತೂಕದ ತಪ್ಪಾಗಿದ್ದರೆ ಮೂರಕ್ಕೂ ಒಂದೇ ಪ್ರಮಾಣದಲ್ಲಿ ಕಡಿಮೆ ಬರಬೇಕಿತ್ತು. ಇಲ್ಲಿ ಹಾಗಲ್ಲ. ಕೆಂಪು ಹೆಚ್ಚಾದಷ್ಟೂ ಯಂತ್ರ ಹೆಚ್ಚು ಸುಳ್ಳು ಹೇಳುತ್ತಿತ್ತು. ಕೆಟ್ಟ ಮಾಲಿಗೆ ನ್ಯಾಯ, ಒಳ್ಳೆಯ ಮಾಲಿಗೆ ಮೋಸ!

ಅದೇ ರಾತ್ರಿ ಮಾಡಿದ ಪರೀಕ್ಷೆಗೆ ಬೇಕಾದದ್ದು ಒಂದು ಪಿಪೆಟ್ ಮಾತ್ರ. ಸಾರವನ್ನು ಇದ್ದ ಹಾಗೇ ಅಳೆದೆವು: ಅಬ್ಸಾರ್ಬೆನ್ಸ್ 1.744. ಅಸಿಟೋನ್ ಸೇರಿಸಿ ಎರಡು ಪಟ್ಟು ತೆಳುವು ಮಾಡಿದೆವು. ಅರ್ಧ ಆಗಬೇಕು, ಅಂದರೆ 0.872. ಬಂದದ್ದು 1.001. ಐದು ಪಟ್ಟು ತೆಳುವು ಮಾಡಿದಾಗ 0.349 ಬರಬೇಕಿತ್ತು, 0.410 ಬಂತು. ಆಸ್ಟಾಕ್ಕೆ ಬದಲಿಸಿ ನೋಡಿ: ತೆಳುವು ಮಾಡದೆ 143, ಎರಡು ಪಟ್ಟಿಗೆ 164, ಐದು ಪಟ್ಟಿಗೆ 168. ಹಾಲಿಗೆ ನೀರು ಹಾಕಿದಷ್ಟೂ ಹಾಲು ಗಟ್ಟಿಯಾದ ಹಾಗೆ! ಸಾರದಲ್ಲಿ ಬಣ್ಣ ಇದ್ದೇ ಇತ್ತು. ಯಂತ್ರಕ್ಕೆ ಅದು ಕಾಣುತ್ತಿರಲಿಲ್ಲ.

ಯಾಕೆ ಎಂದು ತಿಳಿಯಲು ಅಬ್ಸಾರ್ಬೆನ್ಸ್ ಎಂಬ ಅಂಕಿಯ ಒಳಗೆ ಸ್ವಲ್ಪ ಇಣುಕಬೇಕು. ಇದು ನೇರ ಅಳತೆ ಅಲ್ಲ, ಲಾಗರಿಥಮ್. 0.5 ಅಂದರೆ 100 ಪಾಲು ಬೆಳಕಿನಲ್ಲಿ ಸುಮಾರು 32 ಪಾಲು ದಾಟಿ ಬಂತು. 1 ಅಂದರೆ 10 ಪಾಲು. 2 ಅಂದರೆ ಒಂದೇ ಪಾಲು. 3 ಆದರೆ ಒಂದು ಪಾಲಿನಲ್ಲೂ ಹತ್ತನೇ ಒಂದು. ನಮ್ಮ ಸಾರದ ನಿಜವಾದ ಅಂಕಿ 2.08ರ ಹತ್ತಿರ ಇತ್ತು. ಅಂದರೆ ಯಂತ್ರ 100ರಲ್ಲಿ 0.8 ಪಾಲು ಬೆಳಕನ್ನು ಎಣಿಸಬೇಕಿತ್ತು. ಆ ಜಾಗದಲ್ಲಿ ಎಲ್ಲಿಂದಲೋ ಒಂದು ಪಾಲು ಬೇಡದ ಬೆಳಕು ನುಸುಳಿದರೆ, ಎಣಿಕೆ 0.8ರಿಂದ 1.8ಕ್ಕೆ ಏರುತ್ತದೆ, ಅಬ್ಸಾರ್ಬೆನ್ಸ್ 1.74ಕ್ಕೆ ಇಳಿಯುತ್ತದೆ. ಅದೇ ಒಂದು ಪಾಲು, 32 ಪಾಲು ದಾಟುವ ತೆಳು ಸಾರಕ್ಕೆ ಏನೂ ಮಾಡದು. ಹಗಲಲ್ಲಿ ಹಚ್ಚಿದ ದೀಪ ಯಾರಿಗೂ ಕಾಣುವುದಿಲ್ಲ. ಅಮಾವಾಸ್ಯೆಯ ರಾತ್ರಿ ಅದೇ ದೀಪ ಓಣಿಗೆಲ್ಲಾ ಕಾಣುತ್ತದೆ.

ಇದಕ್ಕೆ ಲ್ಯಾಬಿನ ಭಾಷೆಯಲ್ಲಿ ಸ್ಟ್ರೇ ಲೈಟ್ ಎನ್ನುತ್ತಾರೆ, ದಾರಿ ತಪ್ಪಿ ಬಂದ ಬೆಳಕು. ಮರುದಿನ ಅದನ್ನೇ ನೇರವಾಗಿ ಹಿಡಿದೆವು. ಒಂದು ಗ್ರಾಂ ಪುಡಿಯನ್ನು ಬರೀ 20 ಮಿಲಿಲೀಟರ್ ಅಸಿಟೋನ್‌ಗೆ ಹಾಕಿ ರಕ್ತದಂಥ ಸಾರ ತೆಗೆದೆವು. ಇದರಲ್ಲಿ 460ರ ಬೆಳಕು ಒಂದಿಷ್ಟೂ ದಾಟಲಾರದು. ಯಂತ್ರ 3 ದಾಟಬೇಕಿತ್ತು, 2.00ರಲ್ಲಿ ನಿಂತುಬಿಟ್ಟಿತು. ಸಾರವನ್ನು ಅರ್ಧಕ್ಕೆ ತೆಳುವು ಮಾಡಿದರೂ 2.00. ನಮ್ಮ ಯಂತ್ರದ ಚಾವಣಿ ಅಲ್ಲಿತ್ತು. 2.00 ಅಂದರೆ ನೂರಕ್ಕೆ ಒಂದು ಪಾಲು. ರಾತ್ರಿ ಕಾಗದದ ಮೇಲೆ ಹಾಕಿದ ಲೆಕ್ಕಕ್ಕೆ ಸರಿಯಾಗಿ ಕೂತಿತು.

ನುಸುಳಿದ ಬೆಳಕು ಯಾವ ಬಣ್ಣದ್ದು ಎಂಬುದು ಇನ್ನೂ ಸ್ವಾರಸ್ಯ. 460 ಅಂದರೆ ನೀಲಿ. ಯಂತ್ರದ ಟಂಗ್‌ಸ್ಟನ್ ದೀಪದಲ್ಲಿ ನೀಲಿ ಕಡಿಮೆ, ಕೆಂಪು ಜಾಸ್ತಿ. ಬೆಳಕು ಹಿಡಿಯುವ ಸಿಲಿಕಾನ್ ಡಿಟೆಕ್ಟರ್‌ಗೂ ಕೆಂಪಿನ ಮೇಲೇ ಪ್ರೀತಿ. ಮೆಣಸಿನಕಾಯಿ ಸಾರ ನೀಲಿ, ಹಸಿರನ್ನು ತಡೆದು ಕೆಂಪನ್ನು ಸಲೀಸಾಗಿ ಬಿಡುತ್ತದೆ. ಅದಕ್ಕೇ ತಾನೆ ಅದು ಕೆಂಪಾಗಿ ಕಾಣುವುದು. ಅದೇ ಸಾರವನ್ನು 700 ನ್ಯಾನೊಮೀಟರಿನಲ್ಲಿ ಅಳೆದಾಗ ಅಂಕಿ ಹೆಚ್ಚೂ ಕಡಿಮೆ ಸೊನ್ನೆ. ಹಾಗಾಗಿ ಒಳಗೆ ಚದುರಿದ ಕೆಂಪು ಬೆಳಕಿಗೆ ಮೆಣಸಿನಕಾಯಿ ಸಾರ ತೆರೆದ ಬಾಗಿಲು. ಈ ದೋಷಕ್ಕೆ ಇದಕ್ಕಿಂತ ತಕ್ಕ ಮಾದರಿ ಬೇಕೆಂದರೂ ಸಿಗುತ್ತಿರಲಿಲ್ಲ.

ಆ ಬೂದು ಬಿಲ್ಲೆ ನಮ್ಮನ್ನು ಯಾಕೆ ಮೋಸಗೊಳಿಸಿತು ಎಂಬುದೂ ಆಗಲೇ ಹೊಳೆಯಿತು. ಬೂದು ಗಾಜು ಎಲ್ಲ ಬಣ್ಣವನ್ನೂ ಹೆಚ್ಚೂ ಕಡಿಮೆ ಒಂದೇ ಪ್ರಮಾಣದಲ್ಲಿ ತಡೆಯುತ್ತದೆ. ನೀಲಿಯನ್ನು ಮೂರರಲ್ಲಿ ಒಂದು ಪಾಲಿಗೆ ಇಳಿಸಿದರೆ, ನುಸುಳಿದ ಕೆಂಪನ್ನೂ ಮೂರರಲ್ಲಿ ಒಂದು ಪಾಲಿಗೆ ಇಳಿಸುತ್ತದೆ. ಲೆಕ್ಕ ಸರಿಹೋಗುತ್ತದೆ, ದೋಷ ಅಡಗಿಕೊಳ್ಳುತ್ತದೆ. ಸರ್ವೀಸ್ ಮಾಡಿದವರು ಬಳಸಿದ್ದೂ ಬೂದು ಗಾಜನ್ನೇ, ಜೊತೆಗೆ ಹೋಲ್ಮಿಯಂ. ಎರಡರಲ್ಲೂ ಯಂತ್ರ ಪಾಸು. ಸ್ಟ್ರೇ ಲೈಟ್ ನೋಡಲು ಬೇರೆ ಪರೀಕ್ಷೆಗಳಿವೆ. ಲೀಟರಿಗೆ 12 ಗ್ರಾಂ ಪೊಟ್ಯಾಶಿಯಂ ಕ್ಲೋರೈಡ್ ಕರಗಿಸಿ 198 ನ್ಯಾನೊಮೀಟರಿನಲ್ಲಿ ಅಳೆದರೆ 2ಕ್ಕಿಂತ ಮೇಲೆ ಬರಬೇಕು. ಲೀಟರಿಗೆ 50 ಗ್ರಾಂ ಸೋಡಿಯಂ ನೈಟ್ರೈಟ್‌ ದ್ರಾವಣವನ್ನು 340ರಲ್ಲಿ ನೋಡುವುದೂ ಇದೆ. ನಮ್ಮ ಪ್ರಮಾಣಪತ್ರದಲ್ಲಿ ಈ ಎರಡೂ ಇರಲಿಲ್ಲ. ಗೋಡೆಯಿಂದ ಇಳಿಸಿ ಪೂರ್ತಿ ಓದಿದ್ದು ಅವತ್ತೇ. ಗಾಜಿನ ಚೌಕಟ್ಟು ಹಾಕಿಸಿದ ಕಾಗದವನ್ನು ಯಾರು ಓದುತ್ತಾರೆ, ಅಲ್ವಾ?

ಎಂಜಿನಿಯರ್ ಬಂದು ಮುಚ್ಚಳ ತೆಗೆದ ದಿನ ನಾವೆಲ್ಲಾ ಸುತ್ತ ನಿಂತಿದ್ದೆವು. ಫ್ಯಾನಿನ ಜಾಲರಿ ತುಂಬ ಕೆಂಪು ಧೂಳು. ಮೊದಲ ಕನ್ನಡಿಯ ಮೇಲೆ ತೆಳ್ಳನೆಯ ಕಂದು ಪದರ, ಟಾರ್ಚ್ ಹಿಡಿದರೆ ಹಾಲಿನ ಹಾಗೆ ಮಸುಕು. ನಮ್ಮ ಮಿಕ್ಸರ್ ಇದ್ದದ್ದು ಅದೇ ಮೇಜಿನ ಇನ್ನೊಂದು ತುದಿಯಲ್ಲಿ! ವರ್ಷಗಟ್ಟಲೆ ಮೆಣಸಿನಕಾಯಿ ಕುಟ್ಟಿ, ನಾವು ಕೆಮ್ಮುತ್ತಾ ಕಿಟಕಿ ತೆಗೆಯುತ್ತಿದ್ದೆವು. ಯಂತ್ರದ ಫ್ಯಾನ್ ಸುಮ್ನೆ ಅದನ್ನು ಒಳಗೆ ಎಳೆದುಕೊಳ್ಳುತ್ತಿತ್ತು. ಧಾರವಾಡದ ಮಳೆಗಾಲದ ತೇವ ಸೇರಿ ಧೂಳು ಅಂಟಿಕೊಂಡಿತು. ಮಸುಕಾದ ಕನ್ನಡಿ ಬೆಳಕನ್ನು ಒಂದೇ ದಾರಿಗೆ ಕಳಿಸದೆ ಸುತ್ತಲೂ ಚೆಲ್ಲುತ್ತದೆ. ಚೆಲ್ಲಿದ್ದರಲ್ಲಿ ಒಂದಿಷ್ಟು ಸೀಳುಗಂಡಿ ದಾಟಿ ಡಿಟೆಕ್ಟರ್ ಮುಟ್ಟುತ್ತದೆ. ವ್ಯಾಪಾರಿ ಹೇಳಿದ ಪೊರೆ ನಿಜಕ್ಕೂ ಅಲ್ಲಿತ್ತು.

ನಾನು ಮೆತ್ತನೆ ಬಟ್ಟೆ ತರಲು ಹೋದೆ. ಎಂಜಿನಿಯರ್ ಕೈ ಹಿಡಿದು ನಿಲ್ಲಿಸಿದರು. ಮನೆಯ ಕನ್ನಡಿಗೆ ಲೇಪ ಗಾಜಿನ ಹಿಂದೆ ಇರುತ್ತದೆ, ಇದಕ್ಕೆ ಮುಂದೆಯೇ ಇರುತ್ತದೆ. ಒರೆಸಿದರೆ ಗೀರು ಬಿದ್ದು ಬೆಳಕು ಇನ್ನಷ್ಟು ಚದುರುತ್ತದೆ. ಕನ್ನಡಿಯನ್ನೇ ಬದಲಿಸಿದರು, ಹಳೆಯದಾಗಿದ್ದ ದೀಪವನ್ನೂ ಬದಲಿಸಿದರು. ರಕ್ತದಂಥ ಆ ಸಾರವನ್ನು ಮತ್ತೆ ಇಟ್ಟಾಗ ಚಾವಣಿ 2.0ದಿಂದ 2.9ಕ್ಕೆ ಏರಿತ್ತು. ಕಡ್ಡಿಯ ಮಾದರಿಯನ್ನು ಹೊಸದಾಗಿ ನೆನೆಸಿ, ಐದು ಪಟ್ಟು ತೆಳುವು ಮಾಡಿ ಅಳೆದೆವು: 170.

ಆದರೆ ಎಲ್ಲವನ್ನೂ ಕನ್ನಡಿಯ ತಲೆಗೆ ಕಟ್ಟಿದರೆ ತಪ್ಪಾಗುತ್ತದೆ. ವಿಧಾನದಲ್ಲಿ ಬರೆದಂತೆ 70 ಮಿಲಿಗ್ರಾಂ ತೂಗಿದ್ದರೆ ಇದೇ ಕಡ್ಡಿಗೆ ಅಬ್ಸಾರ್ಬೆನ್ಸ್ 0.73ರ ಹತ್ತಿರ ಬರುತ್ತಿತ್ತು. ಮಸುಕು ಕನ್ನಡಿಯಲ್ಲೂ ತಪ್ಪು ನಾಲ್ಕೈದು ಅಂಕಿ ದಾಟುತ್ತಿರಲಿಲ್ಲ. ವಿಧಾನ ಬರೆದವರು ಅಂಕಿ 0.3ರಿಂದ 0.7ರ ಒಳಗೆ ಇರಲಿ ಎಂದದ್ದು ಸುಮ್ಮನೆ ಅಲ್ಲ. ನಾವು ತೂಗುತ್ತಿದ್ದದ್ದು 200 ಮಿಲಿಗ್ರಾಂ. ಯಾಕೆ? ಹಳೆಯ ನೋಟ್‌ಬುಕ್ ಹುಡುಕಿದಾಗ ಉತ್ತರ ಸಿಕ್ಕಿತು. ನಮ್ಮ ತಕ್ಕಡಿ ಒಂದು ಮಿಲಿಗ್ರಾಂವರೆಗೆ ಮಾತ್ರ ತೋರಿಸುತ್ತದೆ. 70ರಲ್ಲಿ ಒಂದು ಮಿಲಿಗ್ರಾಂ ತಪ್ಪಿದರೆ ಶೇಕಡಾ 1.4, 200ರಲ್ಲಿ ತಪ್ಪಿದರೆ ಶೇಕಡಾ 0.5. ಆಗ ಇದ್ದವರು ಯೋಚಿಸಿಯೇ ತೂಕ ಏರಿಸಿದ್ದರು. ಆಗ ಯಂತ್ರವೂ ಹೊಸದು, 2ರ ಅಂಕಿಯನ್ನೂ ಚೆನ್ನಾಗಿ ತೋರಿಸುತ್ತಿದ್ದಿರಬೇಕು. ಅವರನ್ನು ಬೈಯಲು ನನಗೆ ಮನಸ್ಸಿಲ್ಲ. ಏರಿಸಿದ ತೂಕಕ್ಕೆ ತಕ್ಕಂತೆ ತೆಳುವು ಮಾಡಬೇಕು ಎಂಬ ಒಂದು ಸಾಲು ಆ ಪುಟದಲ್ಲಿ ಇರಲಿಲ್ಲ, ಅಷ್ಟೇ. ಈಗ ಅದನ್ನು ಸೇರಿಸಿದ್ದೇವೆ: 200 ಮಿಲಿಗ್ರಾಂ ತೂಗು, 100 ಮಿಲಿಲೀಟರ್ ಸಾರ ಮಾಡು, ಅದರಲ್ಲಿ 10 ಮಿಲಿಲೀಟರ್ ತೆಗೆದು 50ಕ್ಕೆ ತುಂಬಿಸು. ತಕ್ಕಡಿಯ ಮರ್ಯಾದೆಯೂ ಉಳಿಯುತ್ತದೆ, ಯಂತ್ರದ ಮರ್ಯಾದೆಯೂ ಉಳಿಯುತ್ತದೆ.

1941ರಲ್ಲಿ ಬೆಕ್‌ಮನ್ ಡಿಯು ಎಂಬ ಸ್ಪೆಕ್ಟ್ರೊಫೋಟೋಮೀಟರ್ ಬಂದಾಗ ವಿಟಮಿನ್ ಎ ಅಳೆಯುವವರಿಗೆ ಅದು ದೊಡ್ಡ ವರವಾಯಿತು. ಅದುವರೆಗೆ ವಾರಗಟ್ಟಲೆ ಇಲಿಗಳಿಗೆ ತಿನ್ನಿಸಿ ನೋಡುತ್ತಿದ್ದ ಕೆಲಸ ನಿಮಿಷಗಳಿಗೆ ಇಳಿಯಿತು. ಮೆಣಸಿನಕಾಯಿಯ ಕೆಂಪು ವಿಟಮಿನ್ ಎಗೆ ನಂಟಿರುವ ಕ್ಯಾರೊಟಿನಾಯ್ಡ್ ಬಳಗದ್ದು. ಇಲಿಯಾದರೆ ಹುಷಾರಿಲ್ಲದಾಗ ಮೂಲೆ ಹಿಡಿಯುತ್ತದೆ, ಗೊತ್ತಾಗುತ್ತದೆ. ಯಂತ್ರ ಹುಷಾರಿಲ್ಲದಾಗಲೂ ಮೂರು ದಶಮಾಂಶ ಸ್ಥಾನದವರೆಗೆ ಅಂಕಿ ಕೊಡುತ್ತಲೇ ಇರುತ್ತದೆ.

ಮಿಕ್ಸರ್ ಈಗ ಹಿತ್ತಲಿನ ಕೋಣೆಯಲ್ಲಿದೆ. ಪ್ರತಿ ಸೋಮವಾರ ಬೆಳಿಗ್ಗೆ ದಟ್ಟ ಸಾರ ಇಟ್ಟು ಚಾವಣಿ ಎಷ್ಟು ಎಂದು ಬರೆಯುತ್ತೇವೆ. 2.5ಕ್ಕಿಂತ ಇಳಿದರೆ ಕೆಲಸ ನಿಲ್ಲಿಸುವುದು ಎಂದು ತೀರ್ಮಾನ. ಪ್ರತಿ ಹತ್ತನೇ ಮಾದರಿಯನ್ನು ಎರಡು ತೆಳುವಿನಲ್ಲಿ ಅಳೆಯುತ್ತೇವೆ. ಎರಡೂ ಹೊಂದದಿದ್ದರೆ ವರದಿ ಹೋಗುವುದಿಲ್ಲ.

ಹಳೆಯ ವರದಿಗಳದ್ದೇ ತಲೆನೋವಾಯಿತು. ಅಬ್ಸಾರ್ಬೆನ್ಸ್ ಅಂಕಿಗಳೆಲ್ಲ ನೋಟ್‌ಬುಕ್ಕಿನಲ್ಲಿವೆ, ನುಸುಳಿದ ಬೆಳಕನ್ನು ಕಳೆದು ತಿದ್ದಬಹುದಲ್ಲ ಎಂದು ಮೊದಲು ಅನ್ನಿಸಿತು. ಆಗಲಿಲ್ಲ. ಧೂಳು ಒಂದೇ ದಿನ ಕೂತದ್ದಲ್ಲ. ಈ ಮಾರ್ಚ್‌ನಲ್ಲಿ ಅದು ಒಂದು ಪಾಲು. ಹೋದ ಮಾರ್ಚ್‌ನ ಲೆಕ್ಕ ಬರೆದಿಟ್ಟವರು ಯಾರೂ ಇಲ್ಲ. ಕೊನೆಗೆ ಅಬ್ಸಾರ್ಬೆನ್ಸ್ 1.2 ದಾಟಿದ ವರದಿಗಳನ್ನೆಲ್ಲ ಪಟ್ಟಿ ಮಾಡಿ, ಒಬ್ಬೊಬ್ಬರಿಗೂ ಫೋನ್ ಮಾಡಿದೆವು. ಇಡೀ ಮೆಣಸಿನಕಾಯಿ ಇನ್ನೂ ಕೋಲ್ಡ್ ಸ್ಟೋರೇಜ್‌ನಲ್ಲಿ ಇಟ್ಟಿದ್ದವರು ಹೊಸ ಮಾದರಿ ಕಳಿಸಿದರು. ಪುಕ್ಕಟೆ ಅಳೆದುಕೊಟ್ಟೆವು.

ಪಟ್ಟಿಯಲ್ಲಿ ಹಾವೇರಿ ಕಡೆಯ ಒಬ್ಬ ರೈತರಿದ್ದರು. ನಾಲ್ಕು ಚೀಲ ಕಡ್ಡಿ, ಹೋದ ವರ್ಷದ ಬೆಳೆ, ನಮ್ಮ ವರದಿ 139. ಅವರ ಮಾದರಿಯ ಪುಡಿ ನಮ್ಮ ಕಪಾಟಿನಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಉಳಿದಿತ್ತು. ಹೊಸ ಕನ್ನಡಿಯಲ್ಲಿ ಅಳೆದೆ: 88. ಪುಡಿ ಮಾಡಿದ ಮೇಲೆ ಗಾಳಿ, ಬೆಳಕು ತಾಗಿ ಬಣ್ಣ ಆಗಲೇ ಮಾಸಿತ್ತು. ಅವರ ಮೆಣಸಿನಕಾಯಿಯ ನಿಜವಾದ ಅಂಕಿ 139ಕ್ಕಿಂತ ಜಾಸ್ತಿ ಇತ್ತು ಎಂದಷ್ಟೇ ಹೇಳಬಲ್ಲೆ. ಎಷ್ಟು ಜಾಸ್ತಿ ಎಂದು ಹೇಳಲು ಇನ್ನು ಯಾವ ಯಂತ್ರಕ್ಕೂ ಆಗದು. ಫೋನಿನಲ್ಲಿ ಇದನ್ನೆಲ್ಲ ವಿವರಿಸಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, ‘ಹೋಗ್ಲಿ ಬಿಡ್ರಿ, ಮಾಲ್ ಆಗ್ಲೇ ಮಾರಿ ಆಗೈತಿ. ಈ ವರ್ಷದ್ದು ತರ್ತೀನಿ, ಅದನ್ನರ ಸರಿ ನೋಡ್ರಿ’ ಅಂದರು.